ಬಣ್ಣ ಬಳಿಯದ ಮೂಲೆ

ಗೋಡೆ ಕಟ್ಟಲು ಆಗದವರು ಬಣ್ಣ ಬಳಿಸಿದರು. ಇಷ್ಟು ಹೇಳಿದರೇ ಆ ಅಣ್ಣತಮ್ಮಂದಿರ ಯೋಗ್ಯತೆ ನಿಮಗೆ ಗೊತ್ತಾಗಬೇಕು. ಆದರೂ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಬಣ್ಣ ಬಳಿದವನು ನಾನೇ.

ನಾನು ಅರಸೀಕೆರೆಯಲ್ಲಿ ಪೇಂಟರ್, ಹೆಸರು ಉಮಾಶಂಕರ್. ಅವರ ಊರು ಮಾಲೇಕಲ್ಲಿಗೆ ಹೋಗುವ ದಾರಿಯಲ್ಲಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಅವರು ಹೆಮ್ಮೆ ಪಟ್ಟುಕೊಂಡಾರು. ತೆಂಗಿನ ತೋಟದ ದೊಡ್ಡ ಮನೆ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ರುಕ್ಮಿಣಮ್ಮ, ಎಪ್ಪತ್ತು ದಾಟಿದ್ದಳು. ಹಿರಿಯ ಮಗನಿಗೆ ತಾತನ ಹೆಸರು, ಬೋರಯ್ಯ. ಕಿರಿಯವನು ಹುಟ್ಟುವ ಹೊತ್ತಿಗೆ ಮನೆಗೆ ರೇಡಿಯೋ ಬಂದಿತ್ತು, ಹಾಗಾಗಿ ಸುನಿಲ್. ಹೆಸರಿನಲ್ಲಿ ಇದ್ದಷ್ಟು ವ್ಯತ್ಯಾಸ ಬುದ್ಧಿಯಲ್ಲಿ ಇರಲಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಪಾಲಾದರು. ತೋಟ ಹರಿದು ಹಂಚಿದರು, ದನ ಹಂಚಿದರು. ಕೊಬ್ಬರಿಯಾಗಲಿ ಎಂದು ದೀಪಾವಳಿ ಮುಗಿದ ಮೇಲೆ ಅಟ್ಟಕ್ಕೆ ಹಾಕಿದ್ದ ತೆಂಗಿನಕಾಯಿಯನ್ನೂ ಹಂಚಿದರು. ಅಟ್ಟದ ಮೇಲೇ ಮಧ್ಯೆ ಬಿದಿರಿನ ತಟ್ಟಿ ನಿಲ್ಲಿಸಿ, ಆ ಕಡೆ ಅಣ್ಣನ ಕಾಯಿ, ಈ ಕಡೆ ತಮ್ಮನ ಕಾಯಿ. ಅವು ಒಣಗಿ ಇಳಿಯಲು ಇನ್ನೂ ಎಂಟೊಂಬತ್ತು ತಿಂಗಳು ಬೇಕು. ಉಳಿದದ್ದು ಮನೆ.

ನಡುಮನೆಯ ಮಧ್ಯೆ ಗೋಡೆ ಎಬ್ಬಿಸುವುದು ಎಂದಾಯಿತು. ಇಟ್ಟಿಗೆಯೂ ಬಂದು ಬಿತ್ತು. ಆಗ ಬೋರಯ್ಯನಿಗೆ ಒಂದು ಅನುಮಾನ ಹುಟ್ಟಿತು. ಗೋಡೆಯ ದಪ್ಪ ಒಂಬತ್ತು ಇಂಚು. ಆ ಒಂಬತ್ತು ಇಂಚು ಯಾರ ಪಾಲಿನ ನೆಲದಲ್ಲಿ ನಿಲ್ಲಬೇಕು? ಆ ಕಡೆ ನಾಲ್ಕೂವರೆ, ಈ ಕಡೆ ನಾಲ್ಕೂವರೆ ಎಂದು ಗಾರೆ ಮೇಸ್ತ್ರಿ ಹೇಳಿದ. ನಾಲ್ಕೂವರೆ ಇಂಚು ನಾನ್ಯಾಕೆ ಬಿಡಲಿ ಎಂದು ಇಬ್ಬರೂ ಎದ್ದು ನಿಂತರು. ಎಕರೆಗಟ್ಟಲೆ ತೆಂಗು ಇದ್ದವರು ನಾಲ್ಕೂವರೆ ಇಂಚಿಗೆ ಹದಿನೈದು ದಿನ ಮಾತು ಬಿಟ್ಟರು. ಇಟ್ಟಿಗೆ ಹಿತ್ತಲಲ್ಲೇ ಉಳಿದು ಅದರ ಸಂದಿಯಲ್ಲಿ ಕೋಳಿ ಮೊಟ್ಟೆ ಇಡತೊಡಗಿತು.

ದಾರಿ ತೋರಿಸಿದವಳು ಸುನಿಲನ ಹೆಂಡತಿ ಮಧುಶ್ರೀ. ಹಾಸನದಲ್ಲಿ ಓದಿದವಳು. ಒಂದು ವಾರಪತ್ರಿಕೆ ತಂದು ಎಲ್ಲರ ಮುಂದೆ ಹಿಡಿದಳು. ಅದರಲ್ಲಿ ಬೆಂಗಳೂರಿನ ಯಾವುದೋ ಫ್ಲ್ಯಾಟಿನ ಚಿತ್ರ. ಒಳಗೆ ಗೋಡೆಯೇ ಇಲ್ಲ. ಕೂರುವ ಜಾಗಕ್ಕೆ ಒಂದು ಬಣ್ಣ, ಉಣ್ಣುವ ಜಾಗಕ್ಕೆ ಇನ್ನೊಂದು, ಓದುವ ಜಾಗಕ್ಕೆ ಮತ್ತೊಂದು.

"ಬಣ್ಣಾನೇ ಇಲ್ಲಿ ಗೋಡೆ. ಬಣ್ಣಕ್ಕೆ ದಪ್ಪ ಇರಲ್ವಲ್ಲ" ಎಂದಳಂತೆ.

ಅಣ್ಣತಮ್ಮ ಒಂದೇ ಮಾತಿಗೆ ಒಟ್ಟಿಗೆ ತಲೆಯಾಡಿಸಿದ್ದು ಅದೇ ಮೊದಲು. ಆ ಫ್ಲ್ಯಾಟಿನವರು ಒಟ್ಟಿಗೆ ಇರುವುದಕ್ಕೆ ಬಣ್ಣ ಬಳಿಸಿದ್ದರು, ಇವರು ಬಿಡಿಯಾಗುವುದಕ್ಕೆ. ಚಿತ್ರ ನೋಡಿದರೇ ಹೊರತು ಕೆಳಗಿದ್ದ ಅಕ್ಷರ ಓದಲಿಲ್ಲ.

ಹಾಗೆ ನನ್ನನ್ನು ಕರೆಸಿದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಶಿವಯ್ಯ ಮೂವತ್ತು ವರ್ಷ ಹಬ್ಬದಿಂದ ಹಬ್ಬಕ್ಕೆ ಅರಸೀಕೆರೆಯಿಂದ ಹೋಗಿ ಅದೇ ಮನೆಯ ಹೊರಗೋಡೆಗೆ, ಜಗಲಿಗೆ ಸುಣ್ಣ ಬಳಿದವನು. ಹೊಸ್ತಿಲು ದಾಟಿದವನಲ್ಲ; ನಮ್ಮ ಕೇರಿಯ ಯಾರೂ ದಾಟುವಂತಿರಲಿಲ್ಲ. ಒಳಗಿನ ಸುಣ್ಣ ಮನೆಯ ಹೆಂಗಸರೇ ಬಳಿದುಕೊಳ್ಳುತ್ತಿದ್ದರು. ಅಪ್ಪನಿಗೆ ಬಾಯಾರಿದರೆ ಇದೇ ರುಕ್ಮಿಣಮ್ಮ ಜಗಲಿಯ ಅಂಚಿಗೆ ಬಂದು ಮೇಲಿನಿಂದ ಅವನ ಬೊಗಸೆಗೆ ನೀರು ಹುಯ್ಯುತ್ತಿದ್ದಳು. ಚಿಕ್ಕವನಿದ್ದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಈಗ ಅಣ್ಣನ ಅಳತೆಯನ್ನು ತಮ್ಮ ನಂಬುವುದಿಲ್ಲ, ತಮ್ಮನ ಅಳತೆಯನ್ನು ಅಣ್ಣ ನಂಬುವುದಿಲ್ಲ. ಹೊರಗಿನವನ ಅಳತೆಯೇ ಬೇಕಾಯಿತು, ಅದಕ್ಕೇ ನಾನು ಅಡುಗೆಮನೆಗೂ ದೇವರಮನೆಗೂ ಬರಬಹುದಾಯಿತು. ಕಾಫಿ ಮಾತ್ರ ಜಗಲಿಯ ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟದಲ್ಲೇ ಬಂತು. ನಾನು ಮುಟ್ಟಲಿಲ್ಲ. ಬಾಟಲಿಯಲ್ಲಿ ನೀರು ತಂದಿದ್ದೆ.

ಅಣ್ಣನಿಗೆ ನೀಲಿ, ತಮ್ಮನಿಗೆ ಹಸಿರು. ಪಂಚಾಯ್ತಿ ಹೇಳಲು ಊರಿನ ಗಿಡ್ಡಯ್ಯ ಬಂದು ಕೂತಿದ್ದ. ಎದುರಿಗಿರುವ ಇಬ್ಬರಿಗೂ ಹೂಂ ಎನ್ನುವುದೇ ಆತನ ನ್ಯಾಯ. ಆತ ಪತ್ರ ಬರೆಸಿದ: "ಯಾರ ಬಣ್ಣವೋ ಅವರ ಪಾಲು. ಆ ಬಣ್ಣದೊಳಗೆ ಇರುವುದರ ಜವಾಬ್ದಾರಿಯೂ ಅವರದೇ. ಒಬ್ಬರ ಬಣ್ಣವನ್ನು ಇನ್ನೊಬ್ಬರು ಕೇಳದೆ ತುಳಿಯತಕ್ಕದ್ದಲ್ಲ." ಹೆಬ್ಬಾಗಿಲಿನಿಂದ ಒಳಗಿನವರೆಗೆ ದಾರ ಹಿಡಿದೆ. ದಾರದ ಎಡಕ್ಕೆ ಗೋಡೆ ನೀಲಿ, ಬಲಕ್ಕೆ ಹಸಿರು. ನೆಲದ ಮೇಲೆ ನಾಲ್ಕು ಬೆರಳಗಲ ಎರಡು ಬಣ್ಣದ ಪಟ್ಟಿ. ಜಗಲಿ ಅರ್ಧ ಅರ್ಧ. ಮಧ್ಯದ ಕಂಬ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಹಸಿರು. ಯಜಮಾನರ ಕಾಲದ ಗಡಿಯಾರ ಸರಿಯಾಗಿ ದಾರದ ನೇರಕ್ಕೆ ತೂಗುತ್ತಿತ್ತು. ಅದನ್ನೂ ಬಿಡಲಿಲ್ಲ. ಹನ್ನೆರಡರಿಂದ ಆರರವರೆಗೆ ಒಬ್ಬನದು, ಆರರಿಂದ ಹನ್ನೆರಡರವರೆಗೆ ಇನ್ನೊಬ್ಬನದು. ಕೀಲಿ ಕೊಡುವ ಸರದಿ ಯಾರದೆಂದು ಇತ್ಯರ್ಥವಾಗದೆ ಅದು ಮೂರನೇ ದಿನ ನಿಂತುಹೋಯಿತು.

ನಗು ತಡೆದುಕೊಂಡು ಬಳಿಯುತ್ತಾ ಹೋದವನು ನಡುಮನೆಯ ಕೊನೆಯ ಮೂಲೆಗೆ ಬಂದೆ. ಅಲ್ಲಿ ರುಕ್ಮಿಣಮ್ಮನ ಮಂಚವಿತ್ತು. ಮಂಚದ ಮೇಲೆ ರುಕ್ಮಿಣಮ್ಮನೂ ಇದ್ದಳು, ಕಾಲು ಚಾಚಿ, ಎಲೆಅಡಿಕೆ ಜಗಿಯುತ್ತಾ. ದಾರ ಆಕೆಯ ಮಂಚದ ಮಧ್ಯಕ್ಕೇ ಬರುತ್ತಿತ್ತು.

"ಅಲ್ಲಿಗೆ ಸಾಕು, ನಿಲ್ಸು" ಎಂದ ಬೋರಯ್ಯ. "ಆ ಮೂಲೆ ಪೂರಾ ತಮ್ಮಂಗೇ ಹೋಗ್ಲಿ. ಚಿಕ್ಕೋನು, ನಾಕಡಿ ಜಾಸ್ತಿ ಇಟ್ಕೊಳ್ಲಿ."

ನಾಲ್ಕೂವರೆ ಇಂಚಿಗೆ ಕುತ್ತಿಗೆಯ ನರ ಉಬ್ಬಿಸಿದ್ದವನು ನಾಲ್ಕಡಿ ದಾನ ಮಾಡುತ್ತಿದ್ದ.

"ನಂಗ್ಯಾಕೆ? ಅಣ್ಣ ದೊಡ್ಡೋನು. ಅವನೇ ಬಳಿಸ್ಕೊಳ್ಲಿ" ಎಂದ ಸುನಿಲ್.

ಪತ್ರದಲ್ಲಿದ್ದ ಜವಾಬ್ದಾರಿ ಎಂಬ ಮಾತು ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ಮೂಲೆಗೆ ಯಾರ ಬಣ್ಣ ಬೀಳುತ್ತದೋ ಮುದುಕಿ ಅವರ ತಲೆಗೆ. ಗಂಜಿಯಿಂದ ಔಷಧದವರೆಗೆ ಅವರೇ ನೋಡಬೇಕು. ಒಂದು ಗಂಟೆ ಹೊತ್ತು ಇಬ್ಬರೂ ಆ ಮೂಲೆಯನ್ನು ಅತ್ತಿಂದಿತ್ತ ನೂಕಿದರು. ಹೆತ್ತವಳು ಮಂಚದ ಮೇಲೆ ಕೂತು ಕೇಳುತ್ತಿದ್ದಾಳೆ ಎಂಬ ನಾಚಿಕೆ ಒಬ್ಬನಿಗೂ ಇಲ್ಲ. ಆಕೆ ಒಂದು ಮಾತೂ ಆಡಲಿಲ್ಲ. ಬ್ರಶ್ಶಿನಿಂದ ಬಣ್ಣ ತೊಟ್ಟಿಕ್ಕುತ್ತಿತ್ತು, ನಾನು ಹಾಗೇ ನಿಂತಿದ್ದೆ. ಆ ಮನೆಯನ್ನು ನಾನು ಬಹಳ ಕಾಲದಿಂದ ತಿರಸ್ಕರಿಸುತ್ತಿದ್ದೆ, ಆದರೆ ಇಷ್ಟು ಕೆಳಗೆ ಇಳಿಯುತ್ತಾರೆ ಎಂದುಕೊಂಡಿರಲಿಲ್ಲ.

ಕೊನೆಗೆ ಗಿಡ್ಡಯ್ಯ ಎಲ್ಲರಿಗೂ ಹೂಂ ಎನ್ನುವ ತೀರ್ಪು ಕೊಟ್ಟ. ಆ ಮೂಲೆಗೆ ಬಣ್ಣವೇ ಬೇಡ. ಅದು ಯಾರ ಪಾಲಿಗೂ ಸೇರಿಲ್ಲ. ತಾಯಿಗೆ ಒಂದು ತಿಂಗಳು ಅಣ್ಣನ ಮನೆಯ ಊಟ, ಒಂದು ತಿಂಗಳು ತಮ್ಮನದು. ಇಬ್ಬರೂ ಸಂತೋಷದಿಂದ ರುಜು ಹಾಕಿದರು. "ಅಳ್ತೆ ಹಿಡಿದೋನು ನೀನು, ಸಾಕ್ಷಿಗೆ ನೀನೂ ಒಂದು ಹಾಕು" ಎಂದರು. ಹಾಕಿದೆ.

ರುಜು ಹಾಕಿ ಏಣಿ ಎತ್ತಿಕೊಳ್ಳಲು ಹೋದಾಗ ತಲೆ ಮೇಲೆತ್ತಿದೆ. ಅಟ್ಟದ ಬಾಯಿ ಇದ್ದದ್ದು ಆ ಮೂಲೆಯಲ್ಲೇ, ಮಂಚದ ಕಾಲುದೆಸೆಗೆ ನೇರವಾಗಿ. ಇಡೀ ಮನೆಗೆ ಅಟ್ಟ ಹತ್ತಲು ಅದೊಂದೇ ದಾರಿ. ಇಬ್ಬರ ಒಂದು ವರ್ಷದ ತೆಂಗಿನಕಾಯಿ ಪೂರ್ತಿ ಅದರ ಮೇಲಿತ್ತು. ಗಡಿಯಾರವನ್ನೂ ಬಿಡದೆ ಸೀಳಿದ ಜಾಣರು, ತಾಯಿಯಿಂದ ತಪ್ಪಿಸಿಕೊಳ್ಳುವ ಅವಸರದಲ್ಲಿ ಇದನ್ನು ಮರೆತಿದ್ದರು. ನಾನು ಬಾಯಿ ಬಿಡಲಿಲ್ಲ. ನನ್ನ ಕೂಲಿ ಬಣ್ಣ ಬಳಿಯುವುದಕ್ಕೆ, ಬುದ್ಧಿ ಹೇಳುವುದಕ್ಕಲ್ಲ.

ನಾಲ್ಕು ತಿಂಗಳು ಕಳೆದು ಸುನಿಲನ ಗೇಟಿಗೆ ಬಣ್ಣ ಹೊಡೆಯಲು ಮತ್ತೆ ಹೋದೆ. ಅದು ಬೋರಯ್ಯನ ತಿಂಗಳು. ಮಧ್ಯಾಹ್ನ ಅವನ ಹೆಂಡತಿ ಸುವರ್ಣಮ್ಮ ತಟ್ಟೆ ತಂದಳು. ನೀಲಿ ಪಟ್ಟಿಯ ಅಂಚಿಗೆ ಬಂದು ಬಗ್ಗಿ, ತಟ್ಟೆಯನ್ನು ನೆಲದ ಮೇಲೆ ಇಟ್ಟು ಮೂಲೆಯ ಕಡೆಗೆ ತಳ್ಳಿದಳು. ಮೂಲೆಯೊಳಗೆ ಕಾಲಿಟ್ಟರೆ ಅದು ತಮ್ಮ ತಲೆಗೆ ಬಂದೀತು ಎಂಬ ಭಯ ಆ ಮನೆಯಲ್ಲಿ ಎಲ್ಲರಿಗೂ ಹಿಡಿದಿತ್ತಂತೆ. ತಟ್ಟೆ ಅರ್ಧ ದಾರಿಗೆ ನಿಂತಿತು. ರುಕ್ಮಿಣಮ್ಮ ಮಂಚದಿಂದ ಇಳಿದು, ಕೈಯೂರಿ ಹೋಗಿ ಅದನ್ನು ಎಳೆದುಕೊಂಡಳು.

ನೋಡುತ್ತಾ ನಿಂತ ನನಗೆ ನಮ್ಮಪ್ಪನ ಬೊಗಸೆ ನೆನಪಾಯಿತು. ಅನುಭವಿಸಲಿ ಎಂದುಕೊಂಡೆ. ಹಾಗಂದುಕೊಂಡದ್ದು ನನಗೇ ಸರಿಯೆನಿಸಲಿಲ್ಲ, ಅದೂ ನಿಜ.

"ಯಾರ್ಲಾ ಅದು, ಶಿವಯ್ಯನ ಮಗನಾ?" ಎಂದಳು ರುಕ್ಮಿಣಮ್ಮ. ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಡಬ್ಬಿಯೊಳಗೆ ಏನಾರ ಬಣ್ಣ ಮಿಕ್ಕೈತಾ?"

"ಗೇಟಿಗೆ ತಂದಿದ್ದ ಕೆಂಪೈತೆ, ಅಮ್ಮಾವ್ರೆ."

"ಹಬ್ಬಕ್ಕೆ ಗೋಡೆ ಬುಡಕ್ಕೆ ನಾನೇ ಕೆಮ್ಮಣ್ಣು ಬಳೀತಿದ್ದೆ. ಕೆಂಪಾದ್ರೆ ಆಯ್ತು. ಈ ಮೂಲೆಗೆ ಬಳಿ. ಗೋಡೆಗೂ ಬಳಿ, ನೆಲಕ್ಕೂ ಬಳಿ."

"ಗೌಡ್ರು ಏನಾರ ಅಂದ್ರೆ?"

"ಪತ್ರದಾಗೆ ಏನೈತೆ? ಯಾರ ಬಣ್ಣವೋ ಅವರ ಪಾಲು. ನೀನೂ ರುಜು ಹಾಕಿದ್ಯಲ್ಲ." ಮುದ್ದೆ ಮುರಿಯುತ್ತಾ ಆಕೆ ಒಮ್ಮೆ ಅಟ್ಟದ ಬಾಯಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆವತ್ತು ಮಂಚದ ಮೇಲೆ ಕೂತು ಯಾಕೆ ಸುಮ್ಮನಿದ್ದಳೆಂದು ನನಗೆ ಆಗ ತಿಳಿಯಿತು.

ಬಳಿದೆ. ಇಬ್ಬರು ಮಕ್ಕಳೂ ಬಂದು ನೋಡಿ ನಕ್ಕರು. "ಮುದುಕೀಗೆ ಈ ವಯಸ್ಸಲ್ಲಿ ಬಣ್ಣದ ಆಸೆ" ಎಂದ ಬೋರಯ್ಯ. ಗಿಡ್ಡಯ್ಯನನ್ನೂ ಕರೆಸಿದರು. ಆಕೆಗೆ ತನ್ನದೇ ಬಣ್ಣ ಆಯಿತೆಂದರೆ ಇನ್ನು ಯಾವ ಕಾಲಕ್ಕೂ ತಮ್ಮ ಬಣ್ಣಕ್ಕೆ ಬರುವುದಿಲ್ಲ ಎಂಬ ಲೆಕ್ಕಾಚಾರ ಇಬ್ಬರದೂ. ಸುನಿಲ್ ತಾನೇ ಪೆನ್ನು ತೆಗೆದು ಪತ್ರದ ಕೆಳಗೆ ಒಂದು ಸಾಲು ಸೇರಿಸಿದ: "ಕೆಂಪು ತಾಯಿಯದು." ಇಬ್ಬರೂ ಮತ್ತೆ ರುಜು ಹಾಕಿದರು. ಅಷ್ಟು ಚೆಂದದ ಅಕ್ಷರ ಕಲಿತು ಏನು ಬಂತು!

ದೀಪಾವಳಿಗೆ ಇಪ್ಪತ್ತು ದಿನವಿದೆ ಎನ್ನುವಾಗ ಅರಸೀಕೆರೆಯಿಂದ ಕೊಬ್ಬರಿ ವ್ಯಾಪಾರಿ ಸರಕು ನೋಡಲು ಬಂದ. "ಅಟ್ಟಕ್ಕೆ ದಾರಿ ಎಲ್ಲಿ ಸ್ವಾಮಿ?" ಎಂದು ಕೇಳಿದ. ಬೋರಯ್ಯ ಏಣಿ ಹೊತ್ತು ಮುಂದೆ ಬಂದ. ಮಂಚದ ಮೇಲಿಂದ ಮಾತು ಬಂತಂತೆ:

"ಕೇಳ್ದೆ ತುಳೀಬ್ಯಾಡ. ಇದು ಕೆಂಪು."

ಒಬ್ಬ ಮುದುಕಿಯನ್ನು ದಾಟಿ ಹೋಗುವುದು ಏನು ಮಹಾ ಎಂದು ನಿಮಗೆ ಅನಿಸಬಹುದು. ಆದರೆ ಬೋರಯ್ಯ ಕೇಳದೆ ಕೆಂಪು ತುಳಿದರೆ ಪತ್ರ ಮುರಿದಂತೆ. ಪತ್ರ ಮುರಿದರೆ ನಾಳೆ ಸುನಿಲ್ ನೀಲಿ ತುಳಿಯುತ್ತಾನೆ, ಬೋರಯ್ಯನ ಹೆಂಡತಿ ಹಸಿರು ತುಳಿಯುತ್ತಾಳೆ. ಇಬ್ಬರಿಗೂ ಅದೊಂದೇ ಭಯ. ಬೇರೆ ಕಡೆ ಅಟ್ಟದ ಹಲಗೆ ಕೊಯ್ದು ದಾರಿ ಮಾಡೋಣ ಎಂದರೆ, ಯಾರ ಬಣ್ಣದ ಮೇಲಿನ ಹಲಗೆ ಕೊಯ್ಯುವುದು ಎಂದು ಹೊಸ ಜಗಳ. ಕೇಳಿ ತುಳಿಯಬಹುದಿತ್ತು. ಹೆತ್ತ ತಾಯಿಯನ್ನು "ಅವ್ವಾ, ಒಳಗೆ ಬರಲಾ" ಎಂದು ಕೇಳುವುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಅವರಿಗೆ ಹೊಳೆದದ್ದೇ ಬೇರೆ. ಮರುದಿನ ಮೊದಲ ಬಸ್ಸಿಗೆ ಬೋರಯ್ಯ ನಮ್ಮ ಮನೆಯ ಬಾಗಿಲಿಗೆ ಬಂದ. ಆ ಮನೆತನದವರು ನಮ್ಮ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು.

"ಉಮಾಶಂಕ್ರ, ಅವ್ವನ ಮೂಲೆಗೆ ನೀಲಿ ಬಳಿದುಬಿಡೋ. ಹೆತ್ತವ್ವ ಕಣೋ, ಕಣ್ಮುಂದೆ ಅನಾಥಳಂಗೆ ಕೂತವ್ಳೆ, ಹೊಟ್ಟೆ ಉರೀತೈತೆ."

ಒಂಬತ್ತು ತಿಂಗಳು ಉರಿಯದ ಹೊಟ್ಟೆ ವ್ಯಾಪಾರಿ ಬಂದು ಹೋದ ಮೇಲೆ ಉರಿಯತೊಡಗಿತ್ತು. ನೋಡೋಣ ಎಂದು ಸಾಗಹಾಕಿದೆ. ಅವನು ಕೇರಿ ದಾಟುವ ಮುಂಚೆಯೇ ಸುನಿಲನ ಬೈಕು ಬಂತು. ಅವನ ಕೈಯಲ್ಲಿ ಹಸಿರು ಬಣ್ಣದ ಹೊಸ ಡಬ್ಬಿಯೇ ಇತ್ತು. ಅವನೂ ತಾಯಿಯ ಮಾತನ್ನೇ ಎತ್ತಿದ, ಕಣ್ಣೀರೂ ತಂದುಕೊಂಡ.

"ಮೂಲೆ ಈಗ ಕೆಂಪು. ಕೆಂಪಿನ ಯಜಮಾನಿ ಹೇಳಿದ್ರೆ ಬಳೀತೀನಿ, ನೀವು ಹೇಳಿದ್ರೆ ಆಗಲ್ಲ. ಸಾಕ್ಷಿಗೆ ನನ್ನ ರುಜು ಐತಲ್ಲ ಗೌಡ್ರೆ" ಎಂದೆ. ಅವನನ್ನು ಡಬ್ಬಿಯ ಸಮೇತ ವಾಪಸು ಕಳಿಸಿದ ಸುಖ ಈಗಲೂ ನೆನಪಿದೆ.

ಕೊಬ್ಬರಿ ಇಳಿಸುವ ದಿನ ರುಕ್ಮಿಣಮ್ಮ ನನಗೂ ಗಿಡ್ಡಯ್ಯನಿಗೂ ಹೇಳಿ ಕಳಿಸಿದ್ದಳು. ಬಾಗಿಲಲ್ಲಿ ಲಾರಿ ನಿಂತಿತ್ತು, ಹಮಾಲಿಗಳು ಜಗಲಿಯ ಮೇಲೆ ಬೀಡಿ ಸೇದುತ್ತಿದ್ದರು. ಬೋರಯ್ಯ ನೀಲಿಯ ಅಂಚಿನಲ್ಲಿ, ಸುನಿಲ್ ಹಸಿರಿನ ಅಂಚಿನಲ್ಲಿ ನಿಂತಿದ್ದರು. ಮುದುಕಿ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು.

"ಅವ್ವಾ, ನಮ್ಮ ಪಾಲಿಗೆ ಬಂದ್ಬಿಡವ್ವಾ" ಎಂದ ಬೋರಯ್ಯ.

"ನಮ್ಮ ಕಡೆ ಫ್ಯಾನ್ ಹಾಕಿಸ್ತೀವಿ ಅತ್ತೆ" ಎಂದಳು ಮಧುಶ್ರೀ.

"ಗಿಡ್ಡಯ್ಯ, ಪತ್ರ ಓದು" ಎಂದಳು ರುಕ್ಮಿಣಮ್ಮ.

ಗಿಡ್ಡಯ್ಯ ಕನ್ನಡಕ ಏರಿಸಿ ಓದಿದ. ಈ ಮೂಲೆ ಯಾರ ಪಾಲಿಗೂ ಸೇರಿಲ್ಲ ಎಂಬಲ್ಲಿಗೆ ಬಂದಾಗ, "ಅದ್ನ ಇನ್ನೊಂದ್ಸಲ ಓದು" ಎಂದಳು. ಓದಿದ. ಹಮಾಲಿಗಳೂ ಎದ್ದು ಬಾಗಿಲಿಗೆ ಬಂದು ಕೇಳಿದರು.

"ಗಂಡು ಮಕ್ಕಳನ್ನ ಹೆತ್ತೆ ಅಂತ ಮೆರೆದೋಳು ನಾನು. ನನ್ನ ಊಟದ ತಟ್ಟೇನ ನೆಲದ ಮ್ಯಾಲೆ ನೂಕಿಸಿದ್ರಲ್ಲೋ" ಎಂದಳು. ಆಮೇಲೆ ಅಟ್ಟದ ಕಡೆ ಕೈ ತೋರಿಸಿದಳು. "ಈಗ ಮನೇಲಿ ಮೂರು ಬಣ್ಣ ಐತೆ. ಕೊಬ್ಬರಿ ಮೂರು ಪಾಲು ಆಗ್ಲಿ. ತೋಟವೂ ಹಂಗೇ ಅಂತ ಬರ್ಕೊಡಿ. ನನ್ನ ಒಲೆ ನಾನು ಹಚ್ಕೋತೀನಿ, ನಿಮ್ಮ ತಿಂಗಳ ಕೂಳು ನಂಗೆ ಬ್ಯಾಡ. ಒಪ್ಪಿದ್ರೆ ಏಣಿ ಹಾಕಿ. ಇಲ್ದಿದ್ರೆ ಕಾಯಿ ಅಲ್ಲೇ ಹುಳ ಹಿಡೀಲಿ."

ಗಿಡ್ಡಯ್ಯ ಅಭ್ಯಾಸದಂತೆ ಹೂಂ ಎಂದ. ಲಾರಿಯವನು ಎರಡು ಸಲ ಹಾರ್ನ್ ಹೊಡೆದ. ಅಣ್ಣತಮ್ಮ ಎರಡನೇ ಬಾರಿಗೆ ಒಂದೇ ಮಾತಿಗೆ ಒಟ್ಟಿಗೆ ತಲೆಯಾಡಿಸಿದರು. ಸಾಕ್ಷಿಗೆ ನಾನು ಮತ್ತೆ ರುಜು ಹಾಕಿದೆ, ಈ ಸಲ ಸ್ವಲ್ಪ ದೊಡ್ಡದಾಗಿಯೇ.

ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಮುದುಕಿ ಮತ್ತೆ ಕರೆಸಿದಳು. ಹಮಾಲಿಗಳ ಕಾಲಿಗೆ ಸಿಕ್ಕು ನೆಲದ ಕೆಂಪು ಅಂಚಿನಲ್ಲಿ ಕಿತ್ತುಹೋಗಿತ್ತು. ಮೂಲೆಯಲ್ಲಿ ಹೊಸ ಸೀಮೆಎಣ್ಣೆ ಸ್ಟೌ ಬಂದಿತ್ತು, ನಾಲ್ಕು ಪಾತ್ರೆ ಬಂದಿದ್ದವು. ನಾನು ಅಂಚು ಸರಿಮಾಡಿ ಮುಗಿಸುವ ಹೊತ್ತಿಗೆ ಸಾರಿನ ವಾಸನೆ ಬರುತ್ತಿತ್ತು.

"ಉಂಡ್ಕೊಂಡು ಹೋಗು" ಎಂದಳು.

ನಾನು ಕೈ ಒರೆಸಿಕೊಂಡು ಜಗಲಿಯ ಕಡೆ ಹೊರಟೆ. ಎಷ್ಟು ಓದಿದ್ದರೂ, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡಿದ್ದರೂ, ಕಾಲು ತಾನಾಗಿಯೇ ಹೊರಗೆ ತಿರುಗಿತು. ಆ ಕ್ಷಣ ನನ್ನ ಮೇಲೂ ನನಗೆ ಅಸಹ್ಯವಾಯಿತು.

"ಎಲ್ಲಿಗ್ಲಾ? ಜಗಲಿ ನನ್ನ ಬಣ್ಣ ಅಲ್ಲ. ನನ್ನ ಬಣ್ಣ ಇದು. ಇಲ್ಲೇ ಕೂತ್ಕೊ."

ನೀಲಿಯ ಕಡೆಯಿಂದ ಬೋರಯ್ಯ ಎದ್ದ. "ಅವ್ವಾ, ಅವನ್ನ ಒಳಗೆ ಕೂರ್ಸಿ ಊಟಕ್ಕೆ..."

"ನಿನ್ನ ನೀಲಿ ಮ್ಯಾಲೆ ಕೂರ್ಸಿದೀನೇನ್ಲಾ?"

ಬೋರಯ್ಯ ಸುನಿಲನನ್ನು ನೋಡಿದ, ಸುನಿಲ್ ಗೋಡೆ ನೋಡಿದ. ಅವರದೇ ಪತ್ರ, ಅವರದೇ ರುಜು. ಇಬ್ಬರೂ ತಂತಮ್ಮ ಬಣ್ಣದಲ್ಲೇ ನಿಂತರು.

ಕೂತೆ. ಮುದುಕಿ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ತಂದು ನನ್ನ ಮುಂದೆ ಇಟ್ಟಳು. ಮುದ್ದೆ, ಹುರುಳಿಕಾಳು ಸಾರು. ನಮ್ಮಪ್ಪನ ಮಾತು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿದ್ದರೆ ನಾನು ಉಣ್ಣುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಆದರೂ ಅವರಿಬ್ಬರೂ ನೋಡುತ್ತಿದ್ದರು ಎಂದೇ ಎರಡು ಸಲ ಹಾಕಿಸಿಕೊಂಡು ನಿಧಾನವಾಗಿ ಉಂಡೆ. ಮುಗಿದ ಮೇಲೆ ತೊಳೆದಿಡಲೆಂದು ತಟ್ಟೆ ಎತ್ತಿಕೊಂಡು ಎದ್ದೆ.

"ಅಲ್ಲೇ ಇಡು" ಎಂದಳು ರುಕ್ಮಿಣಮ್ಮ. "ನಾನು ತೊಳ್ಕೋತೀನಿ."

ತಟ್ಟೆಯನ್ನು ಕೆಂಪಿನ ಮೇಲೇ ಬಿಟ್ಟು ಬಂದೆ.